ಆರ್ವಿಡಜ್ಜನ ಗುರಿ

ದಕ್ಷಿಣ ಡಕೋಟಾದ ಜೋಳದ ಹೊಲಗಳಲ್ಲಿ ಫೆಸೆಂಟ್ ಹಕ್ಕಿಯ ಬೇಟೆಗೆ ಇಳಿಯುವವರೆಲ್ಲ ಆರ್ವಿಡಜ್ಜನ ಶಿಷ್ಯರೇ. ಹಾಗಂತ ಹೇಳುವವನೂ ಆರ್ವಿಡಜ್ಜನೇ. ಬೆಳಗಿನ ಕಾಫಿಗೂ ಮುಂಚೆ ಖಾಲಿ ಕೋವಿಯನ್ನು ಕೆನ್ನೆಗೊತ್ತಿಕೊಂಡು, ಗೋಡೆಯೂ ಸೂರೂ ಕೂಡುವ ಗೆರೆಯುದ್ದಕ್ಕೂ ನಳಿಗೆ ತಿರುಗಿಸುತ್ತ ಅಡುಗೆಮನೆಯಲ್ಲಿ ಗುರಿಯ ಅಭ್ಯಾಸ ಮಾಡುತ್ತಾನೆ. "ನನ್ನ ಪಿಂಗಾಣಿ ಬಟ್ಟಲು ಜೋಪಾನ!" ಎಂದು ಹೆಂಡತಿ ಸಿಗ್ನಿ ಐವತ್ತು ವರ್ಷದಿಂದ ಗೊಣಗುತ್ತಿದ್ದಾಳೆ. ಚರ್ಚಿನಲ್ಲಿ, ಕ್ಷೌರದಂಗಡಿಯಲ್ಲಿ, ಸಾವಿನ ಮನೆಯಲ್ಲೂ ಅವನದು ಒಂದೇ ಪಾಠ: "ಎರಡೂ ಕಣ್ಣು ತೆರ್ಕೊಂಡಿರು ಮಾರಾಯ. ನಳಿಗೆ ನೋಡ್ಬೇಡ, ಹಕ್ಕಿ ನೋಡು. ಉದ್ದ ಬಾಲಕ್ಕೆ ಮರುಳಾದ್ರೆ ಬರೀ ಪುಕ್ಕ ಸಿಗತ್ತೆ. ಕತ್ತಿನ ಬಿಳಿ ಪಟ್ಟಿ ಹಿಡಿ, ಅದರ ಮುಂದಕ್ಕೆ ಹಾರ್ಸು." ಆ ಪಟ್ಟಿ ಇರುವುದು ಹುಂಜಕ್ಕೆ ಮಾತ್ರ. ಹೇಂಟೆ ಹೊಡೆಯುವುದು ಅಲ್ಲಿ ಕಾನೂನಿಗೆ ವಿರುದ್ಧ, ಹೊಡೆದವನನ್ನು ಊರು ವರ್ಷಗಟ್ಟಲೆ ಆಡಿಕೊಳ್ಳುತ್ತದೆ. ಅಜ್ಜನ ಕೋವಿಗೆ ಇದುವರೆಗೆ ಒಂದು ಹೇಂಟೆಯೂ ಬಿದ್ದಿಲ್ಲ. ಈಗ ಪೊರೆ ಬಂದ ಕಣ್ಣಿಗೆ ಹಕ್ಕಿ ಕಾಣುತ್ತದೆ, ಪಟ್ಟಿ ಕಾಣುವುದಿಲ್ಲ. ಹಾಗಾಗಿ ಸಿಗ್ನಿ ಪಕ್ಕದಲ್ಲೇ ನಡೆಯುತ್ತಾಳೆ, ಅವಳು "ಹುಂಜ!" ಎಂದರಷ್ಟೇ ಅಜ್ಜ ಗುಂಡು ಹಾರಿಸುವುದು. ಮೊನ್ನೆ ಕಾಲಬುಡದಿಂದ ಹಕ್ಕಿಯೊಂದು ಭರ್ರನೆ ಎದ್ದಿತು, ಕೋವಿಯೂ ಅದರ ಜೊತೆಗೇ ಎದ್ದಿತು. ಸಿಗ್ನಿಗೆ ಕೆಮ್ಮು ಒತ್ತರಿಸಿ ಬಂದು ಮಾತೇ ಹೊರಡಲಿಲ್ಲ. ಅಜ್ಜ ಕೋವಿ ಇಳಿಸಿದ. "ಅಂಥಾ ಹುಂಜ ಬಿಟ್ಬಿಟ್ಯಲ್ಲೋ ಆರ್ವಿಡ್! ಎಲ್ಲಿ ಹೋಯ್ತು ನಿನ್ ಗುರಿ?" ಎಂದು ಜೊತೆಗೆ ಬೇಟೆಗೆ ಬಂದಿದ್ದ ನೆರೆಯ ಮುದುಕ ಡ್ವೈಟ್ ನಕ್ಕ. ಅಜ್ಜ ಹೆಂಡತಿಯ ಬೆನ್ನು ನೀವುತ್ತ ಎದೆಯುಬ್ಬಿಸಿ ಹೇಳಿದ: "ಗುರಿ ಸರಿಯಾಗೇ ಇತ್ತು ಕಣೋ. ನಮ್ಮವಳು ಹುಂಜ ಅನ್ಲಿಲ್ಲ."