ಮುಖಕ್ಕೆ ಮಿನುಗು, ಬಳುವಳಿಯಲ್ಲಿ ಮಾತ್ರೆ

ಇನ್ನೂ ಬೆಳಕು ಹರಿದಿಲ್ಲ. ಒಲೆಯ ಪಕ್ಕ ಮದುಮಗಳು ನೆಫಿಯೆ ಕಣ್ಣು ಮುಚ್ಚಿ ಮಲಗಿದ್ದಾಳೆ. ಅವಳ ಮುಖಕ್ಕೆ ಬಿಳಿಯ ಲೇಪ ಮೆತ್ತಿ, ಮೇಲೆ ಕೆಂಪು, ನೀಲಿ ಮಿನುಗುಗಳನ್ನು ಒಂದೊಂದಾಗಿ ಕೂರಿಸುತ್ತಿರುವವರು ಸಾಲಿಹೆ. ಬಾಯಿ ಅಲುಗಿದರೆ ಲೇಪ ಬಿರಿಯುತ್ತದೆ, ಮದುಮಗಳು ಮಾತಾಡುವಂತಿಲ್ಲ. ಮಾತೆಲ್ಲ ಸಾಲಿಹೆಯವರದೇ. "ನಗಬೇಡ್ವೇ ಹುಡುಗಿ, ಕೆನ್ನೆ ಮೇಲಿನ ಹೂವು ಕಿವಿಗೆ ಹೋಗ್ತದೆ!"

ರೊಡೋಪಿ ಬೆಟ್ಟದ ನಮ್ಮೂರಿನಲ್ಲಿ ಚಳಿಗಾಲದ ಮದುವೆಗಳಿಗೆಲ್ಲ ಮುಖ ಬರೆಯುವವರು ಇವರೊಬ್ಬರೇ. ಉಳಿದ ದಿನ ತಂಬಾಕಿನ ಎಲೆ ಪೋಣಿಸುತ್ತಾರೆ. ಆದರೆ ಇವರದೊಂದು ಷರತ್ತಿದೆ. ಮದುವೆ ನಿಶ್ಚಯವಾದಂದಿನಿಂದಲೇ ಹುಡುಗಿ ದಿನಕ್ಕೊಂದು ಫೋಲಿಕ್ ಆಮ್ಲದ ಮಾತ್ರೆ ನುಂಗಬೇಕು. ಇಲ್ಲದಿದ್ದರೆ ಇವರು ಕುಂಚ ಮುಟ್ಟುವುದಿಲ್ಲ.

ಸಾಲಿಹೆಯವರ ಚೊಚ್ಚಲು ಮಗು ಬೆನ್ನುಹುರಿ ಮುಚ್ಚಿಕೊಳ್ಳದೆ ಹುಟ್ಟಿತು, ಉಳಿಯಲಿಲ್ಲ. "ಆಮೇಲೆ ಪೇಟೆ ಡಾಕ್ಟರಮ್ಮ ಹೇಳಿದ್ರು. ಬಸುರಿ ಅಂತ ನಮಗೆ ಗೊತ್ತಾಗೋ ಹೊತ್ತಿಗೆ ಮಗೂನ ಬೆನ್ನು ಮುಚ್ಚೋ ಕಾಲವೇ ಮುಗಿದಿರ್ತದಂತೆ. ಅದಕ್ಕೇ ಮೊದಲೇ ತಗೋಬೇಕು. ಎಲ್ಲಾ ಕುಂದೂ ತಪ್ಪತ್ತೆ ಅಂತಲ್ಲ. ಇದೊಂದು ಬಹಳಮಟ್ಟಿಗೆ ತಪ್ಪತ್ತೆ."

ಮದುವೆಗೆ ಮುಂಚೆ ತೊಟ್ಟಿಲ ಮಾತೆತ್ತಿದರೆ ದೃಷ್ಟಿ ತಾಗುತ್ತದೆ ಎನ್ನುವ ಊರಿದು. ಹಾಗಾಗಿ ಮುಂದಿನ ತಿಂಗಳುಗಳ ಮಾತ್ರೆ ತವರಿನ ಬಳುವಳಿಯ ಕಂಬಳಿಯ ಮಡಿಕೆಯಲ್ಲಿ ಗುಟ್ಟಾಗಿ ಗಂಡನ ಮನೆಗೆ ಹೋಗುತ್ತದೆ. ಆದರೆ ಬಳುವಳಿಯನ್ನು ಊರೆಲ್ಲ ನೋಡಲೆಂದು ಅಂಗಳದ ಹಗ್ಗದ ಮೇಲೆ ಹರವುತ್ತಾರಲ್ಲ!

ಬೆಳಕು ಹರಿಯುತ್ತಿದ್ದಂತೆ ಬಾಗಿಲು ದಡಾರನೆ ತೆರೆಯುತ್ತದೆ. ವರನ ತಾಯಿ ಜೆಮಿಲೆ.

"ಏನೇ ಸಾಲಿಹೆ, ನನ್ನ ಸೊಸೆಗೆ ಮಕ್ಕಳಾಗದ ಮಾತ್ರೆ ಕೊಡ್ತೀಯಾ? ಕಂಬಳಿಯೊಳಗೆ ಸಿಕ್ತು. ಬಿಡಿಸಿ ಬಿಡಿಸಿ ಕೋಳಿಗೆ ಹಾಕಿದೆ!"

"ಕೋಳಿಗಾ? ಪುಣ್ಯ ಮಾಡಿದ್ವು ಬಿಡು." ಸಾಲಿಹೆ ಕುಂಚ ಕೆಳಗಿಡುತ್ತಾರೆ. ಎಡಗೆನ್ನೆ ಇನ್ನೂ ಬರಿದು. ಓಣಿಯಲ್ಲಿ ಡೋಲು ಶುರುವಾಗಿದೆ. "ಅರ್ಧ ಮುಖದ ಸೊಸೇನ ಕರ್ಕೊಂಡು ಹೋಗು ಜೆಮಿಲೆ. ನಾನಂತೂ ಮುಟ್ಟೋದಿಲ್ಲ."

"ಅಯ್ಯೋ, ಊರೆಲ್ಲ ನಗೋಲ್ವೇನೇ!"

"ಮಕ್ಕಳಾಗದ ಮಾತ್ರೆಯಾ? ಅಂಗಳ ನೋಡು. ನನ್ನ ಸೊಸೆ ತಿಂದದ್ದೂ ಇದನ್ನೇ."

ಅಂಗಳದಲ್ಲಿ ಸಾಲಿಹೆಯವರ ಮೂವರು ಮೊಮ್ಮಕ್ಕಳು ಬಳುವಳಿಯ ಹೊದಿಕೆಗೆ ಜೋತುಬಿದ್ದು ಉಯ್ಯಾಲೆ ಆಡುತ್ತಿದ್ದಾರೆ. "ಇಳೀರೋ ಕೋತಿಗಳಾ!" ಎಂದು ಕಿಟಕಿಯಿಂದಲೇ ಕೂಗಿದ ಜೆಮಿಲೆ ಮೆತ್ತಗೆ ತಿರುಗುತ್ತಾರೆ. "ಮೂವರಿಗೂ ತಿಂದ್ಲಾ?"

"ಮೂವರಿಗೂ. ಒಂದು ದಿನ ಬಿಡದೆ."

"ಈಗ ಮಾತ್ರೇನೆಲ್ಲ ಕೋಳಿಗಳು ತಿಂದಾಯ್ತಲ್ಲೇ..."

ಆಗ ಮದುಮಗಳು ಕಣ್ಣು ಬಿಡದೆ, ತುಟಿ ಅಲುಗಿಸದೆ, ಉಣ್ಣೆಯ ಕಾಲುಚೀಲದೊಳಗೆ ಕೈ ಹಾಕಿ ಇನ್ನೊಂದು ಮಾತ್ರೆ ಪಟ್ಟಿ ತೆಗೆದು ಗಾಳಿಯಲ್ಲಿ ಹಿಡಿಯುತ್ತಾಳೆ.

ಕೋಣೆಯೆಲ್ಲ ನಗು. ಮದುಮಗಳಿಗೂ ತಡೆಯಲಾಗುವುದಿಲ್ಲ. "ಹೋಯ್ತು ನನ್ನ ಹೂವು!" ಎಂದು ಸಾಲಿಹೆ ಬಿರಿದ ಬಲಗೆನ್ನೆಗೆ ಮತ್ತೆ ಲೇಪ ಮೆತ್ತುತ್ತಾರೆ. ಪಟ್ಟಿಯನ್ನು ಕಸಿದುಕೊಂಡ ಜೆಮಿಲೆ ಎದೆಗೆ ಸಿಕ್ಕಿಸಿಕೊಳ್ಳುತ್ತಾರೆ. "ರಾತ್ರಿ ನನ್ನ ಕೈಯಾರೆ ಕೊಡ್ತೀನಿ, ಮೊಸರಿನ ಜೊತೆ. ಯಾರ ಕಣ್ಣು ತಾಗತ್ತೋ ನಾನೂ ನೋಡ್ತೀನಿ."

ದಿಬ್ಬಣ ಹೊರಟ ಮೇಲೆ ಸಾಲಿಹೆ ಉಗುರಿಗಂಟಿದ ಮಿನುಗು ಕೆರೆಯುತ್ತ ಕೂರುತ್ತಾರೆ. ನಿಮಗೇನು ಆಸೆ ಎಂದು ನಾನು ಕೇಳಿದರೆ ಓಣಿಯತ್ತ ಕೈ ತೋರಿಸುತ್ತಾರೆ.

"ನಾನು ಮೊದಲು ಮಾತ್ರೆ ಕೊಟ್ಟವಳ ಮಗಳು ಅಗೋ, ಡೋಲಿನ ಮುಂದೆ ಕುಣೀತಿದ್ದಾಳೆ. ಅವಳ ಮುಖ ಬರೆಯೋವರೆಗೆ ಕೈ ನಡುಗದಿದ್ರೆ ಸಾಕು. ಮಾತ್ರೆ ಮಾತ್ರ ನಾನು ಕೊಡಬೇಕಾಗಿಲ್ಲ. ಅವರಮ್ಮ ಈಗಲೇ ತಂದಿಟ್ಟಿದ್ದಾಳೆ."