ಮಿಂಚುಳ್ಳಿಗೆ ಬಂದ ಜ್ವರ

ಹೊಂಗನೂರಿನ ಶಿವಲಿಂಗಮ್ಮನಿಗೆ, ಹೆಂಗಸೊಬ್ಬಳು ಆಕಾಶದಲ್ಲಿ ಹಾರುತ್ತಾಳೆ ಎಂದರೆ ನಂಬುವುದು ಕಷ್ಟವಾಗಿರಲಿಲ್ಲ. ಬಸ್ ಕಂಡಕ್ಟರ್ ನೀಲಾ ಡ್ಯೂಟಿ ಮುಗಿಸಿ ಖಾಕಿ ಕಳಚಿದೊಡನೆ ಬೆನ್ನಿನಿಂದ ನೀಲಿ ರೆಕ್ಕೆ ಬಿಚ್ಚಿಕೊಂಡು ಮಿಂಚುಳ್ಳಿಯಾಗುತ್ತಾಳೆ. ಕೆರೆಗೆ ಉರುಳಿದ ಬಸ್ಸನ್ನು ಒಬ್ಬಳೇ ಎತ್ತಿ ದಡಕ್ಕಿಡುತ್ತಾಳೆ. ಮರಳು ಕದಿಯುವವರ ಲಾರಿಯನ್ನು ಆಲದ ಮರದ ಮೇಲೆ ಕೂರಿಸಿ ಬರುತ್ತಾಳೆ. ಇದೆಲ್ಲವನ್ನೂ ಶಿವಲಿಂಗಮ್ಮ ಒಪ್ಪಿದ್ದಳು. ಅವಳಿಗೆ ಒಪ್ಪಲಾಗದೆ ಹೋದದ್ದು ಅರವತ್ತನಾಲ್ಕನೇ ಸಂಚಿಕೆಯ ಕೊನೆಯ ಪುಟದಲ್ಲಿದ್ದ ಅಡುಗೆಮನೆ.

‘ಮಿಂಚುಳ್ಳಿ’ ತಿಂಗಳಿಗೊಮ್ಮೆ ಬರುವ ಚಿತ್ರಕಥೆಯ ಪುಸ್ತಕ. ಐದು ವರ್ಷದ ಹಿಂದೆ ರೇಷ್ಮೆ ಹುಳದ ತಟ್ಟೆಗಳಿಗೆ ಹಾಸಲು ಚನ್ನಪಟ್ಟಣದಿಂದ ತಂದ ರದ್ದಿ ಕಾಗದದ ಕಟ್ಟಿನಲ್ಲಿ ಅದರ ಮೂರನೇ ಸಂಚಿಕೆ ಸಿಕ್ಕಿತ್ತು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದ ಶಿವಲಿಂಗಮ್ಮ ಅಕ್ಷರ ಅಕ್ಷರ ಕೂಡಿಸಿಕೊಂಡು ಓದಿದಳು. ಆ ಹಾಳೆಗಳನ್ನು ಹಾಸಲು ಮನಸ್ಸು ಬರಲಿಲ್ಲ. ಐವತ್ತು ವರ್ಷದ ಹೆಂಗಸು ಚಂದಾ ಕಟ್ಟಿ ಚಿತ್ರದ ಪುಸ್ತಕ ತರಿಸುತ್ತಾಳೆಂದು ಪೋಸ್ಟ್‌ಮ್ಯಾನ್ ಮೊದಮೊದಲು ನಗುತ್ತಿದ್ದ. ಆಮೇಲೆ ತಲುಪಿಸುವ ಮೊದಲು ತಾನೇ ಒಂದು ಸಲ ಓದಿಕೊಂಡು ಬರತೊಡಗಿದ.

ಓದುವುದಕ್ಕೆ ಅವಳಿಗೆ ಬಿಡುವು ಸಿಗುತ್ತಿದ್ದದ್ದು ಹುಳಕ್ಕೆ ಜ್ವರ ಬಂದಾಗ ಮಾತ್ರ. ರೇಷ್ಮೆ ಹುಳು ತನ್ನ ಆಯುಸ್ಸಿನಲ್ಲಿ ನಾಲ್ಕು ಸಲ ಮೇವು ಬಿಟ್ಟು, ತಲೆ ಎತ್ತಿ, ಒಂದು ದಿನ ಅಲ್ಲಾಡದೆ ಕೂರುತ್ತದೆ. ಹಳೆಯ ಚರ್ಮ ಕಳಚಿ ಏಳುತ್ತದೆ. ಈ ಸೀಮೆಯಲ್ಲಿ ಅದಕ್ಕೆ ಜ್ವರ ಎನ್ನುತ್ತಾರೆ. ಮಿಕ್ಕ ದಿನಗಳಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ಯಬೇಕು, ಹೊರಬೇಕು, ಹೊತ್ತು ಹೊತ್ತಿಗೆ ಹಾಕಬೇಕು, ಕಸ ತೆಗೆಯಬೇಕು. ನಡುವೆ ಮುದ್ದೆ ತಿರುವಬೇಕು, ಎಮ್ಮೆ ಕರೆಯಬೇಕು. ಜ್ವರದ ದಿನವೂ ರಜೆಯೇನಲ್ಲ. ಉಳಿದಿದ್ದ ಬಟ್ಟೆಯ ರಾಶಿ ಅವತ್ತೇ ಒಗೆಯಬೇಕು. ಆದರೂ ಮಧ್ಯಾಹ್ನ ಎರಡು ಗಂಟೆ ಅವಳದು.

ಮೂರು ವರ್ಷದ ಹಿಂದೆ ಮಗ ಲೋಕೇಶನನ್ನು ಮದುವೆಯಾಗಿ ಪ್ರತಿಮಾ ಈ ಮನೆಗೆ ಬಂದಳು. ಲೋಕೇಶ ಚನ್ನಪಟ್ಟಣದ ಗೊಂಬೆ ಕಾರ್ಖಾನೆಯ ಗಾಡಿ ಓಡಿಸುತ್ತಿದ್ದ. ಬೆಳಿಗ್ಗೆ ಹೋದರೆ ಬರುವುದು ರಾತ್ರಿ ಊಟಕ್ಕೇ. ಅತ್ತೆ ಸೊಸೆಯರ ನಡುವೆ ಆರು ತಿಂಗಳು ‘ಹಾಲು ಕಾಸ್ದಾ?’ ‘ಸೊಪ್ಪು ಸಾಕಾ?’ ಎಂಬುದನ್ನು ಬಿಟ್ಟು ಬೇರೆ ಮಾತಿರಲಿಲ್ಲ. ಒಂದು ಜ್ವರದ ಮಧ್ಯಾಹ್ನ ಪ್ರತಿಮಾ ಅತ್ತೆಯ ಕೈಯಲ್ಲಿದ್ದ ಪುಸ್ತಕ ಕಂಡು, “ಕೊಡಿ ಅತ್ತೆ, ನಾನು ಓದ್ತೀನಿ, ನೀವು ಕಾಲು ಚಾಚ್ಕಳಿ” ಎಂದಳು. ಅಲ್ಲಿಂದ ಅದು ಇಬ್ಬರದಾಯಿತು. ಹೊಲದಲ್ಲಿ ಸೊಪ್ಪು ಕೊಯ್ಯುವಾಗಲೂ ಮಿಂಚುಳ್ಳಿಯದೇ ಮಾತು. ಆ ಮನೆಯಲ್ಲಿ ಅವರಿಬ್ಬರೂ ಕೂಡಿ ಮಾಡುತ್ತಿದ್ದ, ಕೆಲಸವಲ್ಲದ ಸಂಗತಿ ಅದೊಂದೇ.

ಹಾಗೆಂದು ಕಥೆಗಳೆಲ್ಲ ಮೆಚ್ಚಿಕೆಯಾಗುತ್ತಿದ್ದವೆಂದಲ್ಲ. ಒಮ್ಮೆ ಮಿಂಚುಳ್ಳಿಯ ಅಣ್ಣ ಪ್ರವಾಹದಲ್ಲಿ ಸತ್ತು, ಮೂರು ಸಂಚಿಕೆ ಕಳೆದ ಮೇಲೆ ಗಡ್ಡ ಬಿಟ್ಟುಕೊಂಡು ವಾಪಸು ಬಂದಾಗ ಶಿವಲಿಂಗಮ್ಮ ಸಿಟ್ಟಾಗಿದ್ದಳು. “ಹಿಂಗ್ ಬರೋದಾಗಿದ್ರೆ ಹನ್ನೊಂದನೇ ದಿನದ ಅಡಿಗೆ ಮಾಡ್ದೋಳ ಸೊಂಟಕ್ಕೆ ಏನಮ್ಮಿ ಬೆಲೆ?” ಮತ್ತೊಮ್ಮೆ, ನಾಯಕಿಯ ಗೆಳತಿಯನ್ನು ಸುಮ್ಮನೆ ಕೊಂದುಬಿಟ್ಟಿದ್ದರು, ನಾಲ್ಕು ಪುಟ ಅಳುವುದಕ್ಕೆಂದು. ಅವತ್ತು ಪ್ರತಿಮಾ ಊಟ ಬಿಟ್ಟಿದ್ದಳು. ಇಬ್ಬರೂ ಅದನ್ನೆಲ್ಲ ಸಹಿಸಿಕೊಂಡಿದ್ದರು.

ಅರವತ್ತನಾಲ್ಕನೆಯದು ಬಂದದ್ದು ನಾಲ್ಕನೇ ಜ್ವರದ ದಿನ. ಅದರಲ್ಲಿ ನೀಲಾಳಿಗೆ ಮೂರು ದಿನ ಜ್ವರ. ಮೈಮೇಲೆ ಎಚ್ಚರವಿಲ್ಲ. ರೆಕ್ಕೆಗಳು ಬಾಡಿ ಉದುರುತ್ತವೆ. ಕೊನೆಯ ಪುಟದಲ್ಲಿ ಅವಳು ಎದ್ದು ಕೂತು, ‘ಅಬ್ಬಾ, ಎಂಥ ಕನಸು!’ ಎನ್ನುತ್ತಾಳೆ. ರೆಕ್ಕೆಯೂ ಇಲ್ಲ, ಕಂಡಕ್ಟರ್ ಕೆಲಸವೂ ಇಲ್ಲ; ಅವಳು ಮೊದಲಿನಿಂದಲೂ ಮನೆಯಲ್ಲೇ ಇದ್ದ ಗೃಹಿಣಿ. ಸೆರಗು ಸಿಕ್ಕಿಸಿ ಥಳಥಳ ಹೊಳೆಯುವ ಅಡುಗೆಮನೆಗೆ ಹೋಗಿ ಗಂಡನಿಗೂ ಮಾವನಿಗೂ ನಗುತ್ತ ಕಾಫಿ ಕೊಡುತ್ತಾಳೆ. ಕೆಳಗೆ ಸಣ್ಣ ಅಕ್ಷರದಲ್ಲಿ, ಮುಂದಿನ ತಿಂಗಳ ವಿಶೇಷ ಸಂಚಿಕೆಯೊಂದಿಗೆ ಪುಸ್ತಕ ನಿಲ್ಲುವುದೆಂಬ ಪ್ರಕಟಣೆ.

ಪ್ರತಿಮಾ ಓದುವುದನ್ನು ನಿಲ್ಲಿಸಿದಳು. ಶಿವಲಿಂಗಮ್ಮ ಪುಸ್ತಕ ಕಿತ್ತುಕೊಂಡು ಕಣ್ಣಿಗೆ ಹತ್ತಿರ ಹಿಡಿದಳು.

“ಮೂರ್ ದಿನ ಮಲಗವ್ಳೆ. ಮನೇಲಿ ಇಬ್ಬರು ಗಂಡಸ್ರು ಅವ್ರೆ. ಮೂರ್ ದಿನದ ಪಾತ್ರೆ ಎಲ್ಲಮ್ಮಿ?”

ಜಗಲಿಯಲ್ಲಿ ಕೂತಿದ್ದ ಗಂಡ ಕರಿಯಪ್ಪ ಅಲ್ಲಿಂದಲೇ ಹೇಳಿದ: “ಯಾರೋ ತೊಳ್ದಿರ್ತಾರೆ ಬುಡು. ಪಾತ್ರೆ ಬರ್ಕಂಡು ಕೂತ್ರೆ ಕತೆ ಮುಗೀತದಾ?”

“ಯಾರೋ ಅಂದ್ರೆ ಯಾರು? ಮೂವತ್ತು ವರ್ಷದಿಂದ ಈ ಮನೇಲಿ ಆ ಯಾರೋ ಅನ್ನೋಳ್ನ ಹುಡುಕ್ತಾವ್ನಿ, ಇನ್ನೂ ಸಿಕ್ಕಿಲ್ಲ ಕಣಪ್ಪ.”

ಕರಿಯಪ್ಪ ಟವೆಲು ಕೊಡವಿಕೊಂಡು ಎಮ್ಮೆಯ ಕಡೆ ಹೋದ.

“ಅತ್ತೆ, ಇನ್ನೊಂದು ಸಂಚಿಕೆ ಐತಲ್ಲ” ಎಂದಳು ಪ್ರತಿಮಾ. “ಅದ್ರಲ್ಲಿ ಮಿಂಚುಳ್ಳಿನ ಎಬ್ಬಿಸ್ಬೋದು.”

“ಕೇಳನ ತಡಿ” ಎಂದಳು ಶಿವಲಿಂಗಮ್ಮ.

ಪುಸ್ತಕದ ಹಿಂಬದಿಯಲ್ಲಿ ‘ಕಥೆ ಮತ್ತು ಚಿತ್ರ: ಮುನಿಕೃಷ್ಣ, ಡ್ರಾಯಿಂಗ್ ಶಿಕ್ಷಕರು, ಕುದೂರು’ ಎಂದಿತ್ತು. ಅವತ್ತೇ ಶಿವಲಿಂಗಮ್ಮ ಮದುವೆಯಾದ ಮೇಲಿನ ತನ್ನ ಮೊದಲ ಕಾಗದ ಬರೆದಳು. ‘ಮೇಷ್ಟ್ರಿಗೆ ಹೊಂಗನೂರಿನ ಶಿವಲಿಂಗಮ್ಮನ ನಮಸ್ಕಾರ. ನಮ್ಮ ಮನೆಯಲ್ಲಿ ನಾಲ್ಕನೇ ಜ್ವರ. ಇವತ್ತು ಒಸಿ ಬಿಡುವಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ನಾಳೆಯಿಂದ ನನ್ನ ಕೈಲಿ ಆಗುವುದಿಲ್ಲ. ಇನ್ನು ಎಂಟು ದಿನ, ಆಮೇಲೆ ಗೂಡು ಸೇರುವುದೇ. ಅಷ್ಟರೊಳಗೆ ಉತ್ತರ ಬೇಕು. ಮಿಂಚುಳ್ಳಿ ಏಳುತ್ತಾಳೋ ಇಲ್ಲವೋ?’

ಆರನೇ ದಿನ ಮಧ್ಯಾಹ್ನ ಮುನಿಕೃಷ್ಣ ತಾನೇ ಬಂದ. ಕುದೂರಿನಿಂದ ಮಾಗಡಿ, ಮಾಗಡಿಯಿಂದ ರಾಮನಗರ, ಅಲ್ಲಿಂದ ಚನ್ನಪಟ್ಟಣ, ಅಲ್ಲಿಂದ ಹೊಂಗನೂರು; ನಾಲ್ಕು ಬಸ್ಸು. ನಲವತ್ತೈದರ ಸಣಕಲು ಮನುಷ್ಯ. ಕೈಯಲ್ಲಿ ಒಂದು ಪೌಂಡು ಬ್ರೆಡ್ಡು, ಆರು ಮೂಸಂಬಿ. ಜಗಲಿಯಲ್ಲಿದ್ದ ಕರಿಯಪ್ಪನನ್ನು ತಗ್ಗಿದ ದನಿಯಲ್ಲಿ ಕೇಳಿದ: “ಶಿವಲಿಂಗಮ್ಮನೋರು ಹೇಗಿದ್ದಾರೆ ಈಗ?”

“ಹೆಂಗಿರ್ತಾಳೆ, ಹಿತ್ತಲ ಕಡೆ ಅವ್ಳೆ. ಇನ್ನೆರಡು ದಿನ ಅಷ್ಟೆ ಕಣಪ್ಪ. ಆಮೇಲೆ ಎಲ್ಲಾರ್ಗೂ ನಿದ್ದೆ.”

ಮುನಿಕೃಷ್ಣ, ಹಾಸಿಗೆ ಹಿಡಿದವರನ್ನು ಹಿತ್ತಲಲ್ಲಿ ಹಾಕಿದ್ದಾರಲ್ಲ ಎಂದುಕೊಂಡು ಹೋದ. ಅಲ್ಲೊಂದು ಉದ್ದನೆಯ ಶೀಟಿನ ಮನೆ. ಒಳಗಿನಿಂದ ತರಗೆಲೆಯ ಮೇಲೆ ನೂರಾರು ಜನ ಮೆಲ್ಲಗೆ ನಡೆದಂಥ ಸದ್ದು. ಬಾಗಿಲಲ್ಲಿ, ಸೋಂಕು ತಡೆಯಲು ಹಾಸಿದ ಸುಣ್ಣದ ಪಕ್ಕ, ತಲೆಗೆ ಬಟ್ಟೆ ಕಟ್ಟಿಕೊಂಡ ಗಟ್ಟಿಮುಟ್ಟು ಹೆಂಗಸೊಬ್ಬಳು ಸೊಪ್ಪಿನ ಹೊರೆ ಇಳಿಸುತ್ತಿದ್ದಳು.

“ಚಪ್ಪಲಿ ಬುಟ್ಟು ಸುಣ್ಣ ತುಳ್ಕಂಡ್ ಬನ್ನಿ. ಯಾರು ಬೇಕಾಗಿತ್ತು?”

“ಶಿವಲಿಂಗಮ್ಮನೋರು… ನಾಲ್ಕನೇ ಸಲ ಜ್ವರ ಬಂದಿತ್ತಂತಲ್ಲ…”

“ನಾನೇಯ. ಜ್ವರ ಎದ್ದು ಆರು ದಿನ ಆಯ್ತಲ್ಲ! ಹೆಂಗ್ ತಿಂತಾವೆ ನೋಡಿ.”

ಮುನಿಕೃಷ್ಣ ತಟ್ಟೆಗಳನ್ನು ನೋಡಿದ. ಕೈಲಿದ್ದ ಮೂಸಂಬಿ ನೋಡಿಕೊಂಡ. ಒಳಗಿದ್ದ ಪ್ರತಿಮಾಳಿಗೆ ಮೊದಲು ಅರ್ಥವಾಯಿತು. ಅವಳು ನಕ್ಕ ರಭಸಕ್ಕೆ ಕೈಯಲ್ಲಿದ್ದ ಸೊಪ್ಪೆಲ್ಲ ನೆಲಕ್ಕೆ ಬಿತ್ತು. “ಅತ್ತೆ, ಮೇಷ್ಟ್ರು ಕಣತ್ತೆ! ನಿಮ್ಗೆ ಕಾಯ್ಲೆ ಅಂದ್ಕಂಡು ಬ್ರೆಡ್ ತಂದವ್ರೆ!”

“ಅಯ್ಯೋ ನಿಮ್ಮ! ನಾಲ್ಕು ಬಸ್ ಹತ್ಕಂಡ್ ಬಂದ್ರಾ? ಜ್ವರ ಹುಳಕ್ಕೆ ಕಣಪ್ಪ, ನಂಗಲ್ಲ.” ಶಿವಲಿಂಗಮ್ಮನೂ ನಕ್ಕಳು. ನಕ್ಕು ಮುಗಿದ ಮೇಲೆ ಕೇಳಿದಳು: “ಬಂದಿದ್ದು ಬಂದ್ರಿ. ಹೇಳಿ, ಏಳ್ತಾಳಾ?”

ಮುನಿಕೃಷ್ಣ ಸೊಪ್ಪಿನ ಹೊರೆಯ ಮೇಲೆ ಕೂತ. ಆ ಸಂಚಿಕೆಗೆ ನಲವತ್ತು ಬೈಗುಳದ ಕಾಗದ ಬಂದಿವೆ ಎಂದ. ಅರವತ್ಮೂರು ಸಂಚಿಕೆ ಓದಿದ್ದು ದಂಡವಾಯಿತೆಂದು ಎಲ್ಲರ ಸಿಟ್ಟು. ಕನಸೆನ್ನುವುದು ಪುಸ್ತಕ ಹೊರತರುವ ಮಾಲೀಕರ ಯೋಚನೆ. ಕೊನೆಯ ಸಂಚಿಕೆಯನ್ನೂ ಅವರೇ ತೀರ್ಮಾನಿಸಿ ಆಗಿದೆ: ನೀಲಾಳ ಮೈದುನನಿಗೆ ಅಟ್ಟದ ಮೇಲೆ ಒಂದು ನೀಲಿ ಗರಿ ಸಿಗುತ್ತದೆ, ಹಾರುವುದು ಇನ್ನು ಅವನು. “ಅಚ್ಚಿಗೆ ಹೋಗಿದೆ ಅಮ್ಮ. ನನ್ನ ಕೈಲಿಲ್ಲ.”

ಶಿವಲಿಂಗಮ್ಮ ಒಂದು ತಟ್ಟೆಗೆ ಸೊಪ್ಪು ಹಾಕಿದಳು. ಎರಡನೆಯದಕ್ಕೂ ಹಾಕಿದಳು. ಆಮೇಲೆ ಅವನ ಕಡೆ ತಿರುಗದೆಯೇ ಕೇಳಿದಳು:

“ಕೆರೆಗೆ ಬಿದ್ದ ಬಸ್ಸಲ್ಲಿ ನಲವತ್ತು ಜನ ಇದ್ರಲ್ಲ. ಕನಸು ಅಂದ್ರೆ ಅವ್ರೆಲ್ಲ ಮುಳುಗೋದ್ರಾ?”

ಮುನಿಕೃಷ್ಣ ಮೂಸಂಬಿಗಳನ್ನು ಪಕ್ಕಕ್ಕಿಟ್ಟ.

“ಹೋಗ್ಲಿ. ಇದ್ನ ನೋಡಿ. ಜ್ವರ ಎದ್ದ ಹುಳ ಮೊದ್ಲು ಏನ್ ಮಾಡ್ತದೆ? ಮೇವು ಕೇಳ್ತದೆ. ಹುಟ್ಟಿದಾಗಿಂದ ತಿಂದಿದ್ದೆಲ್ಲ ಒಂದು ಲೆಕ್ಕ, ಈ ಎಂಟು ದಿನ ತಿನ್ನೋದೇ ಒಂದು ಲೆಕ್ಕ. ಅದುಕ್ಕೇ ಅದು ರೇಷ್ಮೆ ಬಿಡೋದು. ನಿಮ್ಮ ನೀಲಾ ಮೂರ್ ದಿನ ಹಸ್ಕಂಡಿದ್ದೋಳು ಎದ್ದು ಇನ್ನೊಬ್ರಿಗೆ ಕಾಫಿ ಕಾಸ್ತಾಳೆ. ಹಾರ್ತಾಳೆ ಅಂದ್ರಿ, ನಂಬುದ್ವಿ. ಇದ್ನ ಹೆಂಗಪ್ಪ ನಂಬೋದು? ಆ ಪಾತ್ರೆ ಯಾರ್ ತೊಳುದ್ರು?”

“ಅದು ನಮ್ಮನೆ ಅಡುಗೆಮನೇನೇ ಅಮ್ಮ” ಎಂದ ಮುನಿಕೃಷ್ಣ. “ಹೋದ ವರ್ಷ ನನ್ನ ಹೆಂಡತಿಗೆ ಟೈಫಾಯ್ಡ್ ಆಗಿತ್ತು. ಆಗ ಹೇಗಿತ್ತೋ ಹಾಗೇ ನೋಡಿಕೊಂಡು ಬರೆದೆ. ನಿಜವಾಗ್ಲೂ ಅಷ್ಟೇ ಚೊಕ್ಕಟವಾಗಿತ್ತು.”

“ಯಾರ್ ತೊಳ್ದಿದ್ರು?”

ಅವನಿಗೆ ತಾನು ಹಣ್ಣು ತಂದದ್ದು, ಮಾತ್ರೆ ತಂದದ್ದು, ಹಣೆ ಮುಟ್ಟಿ ನೋಡಿದ್ದು ನೆನಪಾಯಿತು. ಪಾತ್ರೆ ನೆನಪಾಗಲಿಲ್ಲ.

“ಅವಳೇ ಇರಬೇಕು” ಎಂದ ಕೊನೆಗೆ. “ನಾನು ಸ್ಕೂಲಿಗೆ ಹೋದಾಗ.”

ಶಿವಲಿಂಗಮ್ಮನಿಗೆ ಗೆದ್ದ ಖುಷಿಯೇನೂ ಆಗಲಿಲ್ಲ. ತಲೆ ತಗ್ಗಿಸಿದ್ದ ಆ ಮನುಷ್ಯನನ್ನು ಕಂಡು ಪಾಪ ಅನ್ನಿಸಿತು. ಅಷ್ಟರಲ್ಲಿ ಕರಿಯಪ್ಪ ಬಾಗಿಲಿಗೆ ಬಂದು, “ಪ್ರತಿಮಾ, ಬಂದೋರಿಗೆ ಒಸಿ ಟೀ ಕಾಸಮ್ಮಿ” ಎಂದ. ಪ್ರತಿಮಾಳ ಎರಡು ಕೈ ತುಂಬ ಸೊಪ್ಪಿತ್ತು. ಅವಳು ಹಾಗೇ ನಿಂತು ಮಾವನನ್ನು ನೋಡಿದಳು. ಮುನಿಕೃಷ್ಣ ಎದ್ದು ಅವಳ ಕೈಯಿಂದ ಸೊಪ್ಪು ತೆಗೆದುಕೊಂಡ. “ಇದನ್ನ ನಾನು ಹಾಕ್ತೀನಿ. ಹೇಗೆ ಅಂತ ಹೇಳಿ.”

“ಅವ್ಳು ಟೀ ಕಾಸಕ್ಕೆ ಹೋಗ್ಲಿ ಅಂತ ಕೈ ಖಾಲಿ ಮಾಡ್ಕೊಟ್ರಾ ಮೇಷ್ಟ್ರೇ?” ಎಂದಳು ಶಿವಲಿಂಗಮ್ಮ. “ಕೂತ್ಕಳಮ್ಮಿ ನೀನು. ರೀ, ಸಕ್ಕರೆ ಡಬ್ಬಿ ಮೇಲ್ಗಡೆ ಐತೆ.”

ಕರಿಯಪ್ಪ ಹೋದ. ತಂದ ಟೀ ಪಾಯಸದಂತಿತ್ತು. ನಾಲ್ವರೂ ಕುಡಿದರು. ಸಂಜೆ ನಾಲ್ಕೂವರೆಯ ಬಸ್ಸಿಗೆ ಮುನಿಕೃಷ್ಣ ಹೊರಟ. ಏನೂ ಮಾತು ಕೊಡಲಿಲ್ಲ. ಶಿವಲಿಂಗಮ್ಮ ಕೇಳಲೂ ಇಲ್ಲ.

ವಿಶೇಷ ಸಂಚಿಕೆ ಬಂದಾಗ ಮನೆಯಲ್ಲಿ ಮುಂದಿನ ಬೆಳೆಯ ಹುಳುಗಳು ಎರಡನೇ ಜ್ವರದಲ್ಲಿದ್ದವು. ಅವನು ಹೇಳಿದಂತೆಯೇ ಮೈದುನ ಗರಿ ಸಿಕ್ಕಿಸಿಕೊಂಡು ಹಾರಿದ. ನೀಲಾ ಹೊಸ್ತಿಲಲ್ಲಿ ನಿಂತು ಕೈ ಬೀಸಿದಳು. ಪ್ರತಿಮಾ ಕೊನೆಯವರೆಗೂ ಓದದೆ ಪುಸ್ತಕ ಮುಚ್ಚಿದಳು. “ಮುಗೀತು ಬುಡಿ ಅತ್ತೆ.” ಶಿವಲಿಂಗಮ್ಮ ಒಗೆಯುವ ಬಟ್ಟೆ ಎತ್ತಿಕೊಳ್ಳಲು ಎದ್ದಳು.

ಮೂರು ದಿನ ಬಿಟ್ಟು ಕುದೂರಿನಿಂದ ಒಂದು ದಪ್ಪನೆಯ ಲಕೋಟೆ ಬಂತು. ಈ ಸಲ ಅದನ್ನು ಪೋಸ್ಟ್‌ಮ್ಯಾನ್ ಒಡೆದು ನೋಡಿರಲಿಲ್ಲ. ಒಳಗೆ ಡ್ರಾಯಿಂಗ್ ಹಾಳೆಯ ಮೇಲೆ ಕೈಯಲ್ಲೇ ಬರೆದು ಬಣ್ಣ ಹಾಕಿದ ನಾಲ್ಕು ಪುಟ. ಜೊತೆಗೊಂದು ಚೀಟಿ: ‘ಇದು ಅಚ್ಚಾಗುವುದಿಲ್ಲ. ಇರುವುದು ಇದೊಂದೇ ಪ್ರತಿ. ಓದುಗರು ನೀವಿಬ್ಬರೇ. ಬರೆಯುವ ಮೊದಲು ಮನೆಯಲ್ಲಿ ಕೇಳಿದೆ. ಆಗ ಪಾತ್ರೆ ಅವಳೇ ತೊಳೆದದ್ದಂತೆ, ಸ್ಟೂಲಿನ ಮೇಲೆ ಕೂತು.’

ಅವತ್ತು ಹುಳಕ್ಕೆ ಜ್ವರವಿರಲಿಲ್ಲ. ತಟ್ಟೆಗಳು ಮೇವಿಗೆ ಕಾದಿದ್ದವು. ಆದರೂ ಇಬ್ಬರೂ ಹುಳದ ಮನೆಯ ಬಾಗಿಲಲ್ಲೇ ಕೂತರು. ಪ್ರತಿಮಾ ಓದಿದಳು. ಮೊದಲ ಪುಟದಲ್ಲಿ ನೀಲಾ ಕಣ್ಣು ಬಿಡುತ್ತಾಳೆ. ಅಡುಗೆಮನೆ ಗಬ್ಬೆದ್ದು ಹೋಗಿದೆ. ಗಂಡ ಪಂಚೆ ಎತ್ತಿ ಕಟ್ಟಿ ಬಾಣಲೆ ಉಜ್ಜುತ್ತಿದ್ದಾನೆ, ಅಷ್ಟೇನೂ ಚೆನ್ನಾಗಿ ಅಲ್ಲ. ಅವಳಿಗೆ ಎದ್ದ ಕೂಡಲೇ ಹಸಿವು. ಎರಡನೇ ಪುಟ ಪೂರ್ತಿ ಅವಳು ತಿನ್ನುತ್ತಾಳೆ. ಮೂರನೆಯದರಲ್ಲೂ ತಿನ್ನುತ್ತಾಳೆ, ಹಳೆಯ ಚರ್ಮ ಬೆನ್ನಿನ ಮೇಲೆ ಬಿರಿಯುತ್ತದೆ. ನಾಲ್ಕನೆಯದರಲ್ಲಿ ಮೊದಲಿಗಿಂತ ದೊಡ್ಡ ರೆಕ್ಕೆ. ಕೆಳಗೆ ಕೆರೆಯ ದಡದಲ್ಲಿ ನಲವತ್ತು ಜನ ನಿಂತಿದ್ದಾರೆ, ಒಬ್ಬೊಬ್ಬರ ಮುಖವನ್ನೂ ಬಿಡದೆ ಬರೆದಿದ್ದಾನೆ.

ಶಿವಲಿಂಗಮ್ಮ ಎರಡನೇ ಪುಟವನ್ನು ಮತ್ತೆ ತೆಗೆಸಿದಳು. ಬೆರಳಿಟ್ಟು ನೋಡಿದಳು. ಕಣ್ಣಲ್ಲಿ ನೀರು ಬಂದದ್ದನ್ನು ಮೊಣಕೈಯಿಂದ ಒರೆಸಿಕೊಂಡಳು.

“ಅಲ್ಲಾ ಕಣಮ್ಮಿ, ಜ್ವರ ಬುಟ್ಟೋಳಿಗೆ ಪೂರಿ ತಿನ್ನಿಸ್ತಾನಲ್ಲ ಈ ಪುಣ್ಯಾತ್ಮ! ಗಂಜಿ ಗೊತ್ತಿಲ್ವಾ ಇವನ್ಗೆ?”

“ಕಾಗದ ಬರೀನಾ ಅತ್ತೆ?”

“ಬರಿ. ಪೂರಿ ಬೇಡ ಅನ್ನು. ಮಿಕ್ಕಿದ್ದೆಲ್ಲ ಸರಿಯಾಗೈತೆ ಅಂತ ಬರಿ.”