ಹನ್ನೆರಡನೆಯ ತುಂಡು

ಮನಶ್ಶಾಂತಿಯೇ ಮನುಷ್ಯ ಜೀವನದ ಪರಮ ಗುರಿ ಎಂದು ತಿಳಿದವರು ಹೇಳುತ್ತಾರೆ. ನನ್ನ ಮನಶ್ಶಾಂತಿ ಹನ್ನೆರಡು ಮರದ ತುಂಡುಗಳಲ್ಲಿತ್ತು. ಅವುಗಳಲ್ಲಿ ಹನ್ನೊಂದು ಮಾತ್ರ ಜಾಗದಲ್ಲಿ ಕೂರುತ್ತಿದ್ದವು.

ತೊಂಬತ್ತರ ದಶಕದ ಆರಂಭದ ಮಾತು. ದೊಡ್ಡಬಳ್ಳಾಪುರದ ಹೈಸ್ಕೂಲೊಂದರಲ್ಲಿ ನಾನು ಗಣಿತದ ಮೇಷ್ಟ್ರು. ನನ್ನ ರಕ್ತದೊತ್ತಡ ನೋಡಿದ ಡಾಕ್ಟರು "ಮನಸ್ಸನ್ನ ಹಗುರವಾಗಿ ಇಟ್ಕೊಳ್ಳಿ" ಎಂದರು. ಹೇಗೆಂದು ಚೀಟಿಯಲ್ಲಿ ಬರೆಯಲಿಲ್ಲ. ಬೆಂಗಳೂರಿನ ನೆಂಟರ ಮನೆಯಲ್ಲಿ ಆರು ಮೂಲೆಯ ತಟ್ಟೆಯೊಳಗೆ ತುಂಡು ಜೋಡಿಸುವ ಆಟವೊಂದನ್ನು ಕಂಡಿದ್ದೆ. ಅಂಥದೇ ಒಂದು ಬೇಕೆಂದು ವೀರಾಚಾರಿಯವರನ್ನು ಕೇಳಿದೆ. ಊರಿನ ಮಗ್ಗಗಳಿಗೆ ಮರದ ಸಾಮಾನು ಮಾಡುತ್ತಿದ್ದವರು ಅವರು. ಹಲಸಿನ ಹಲಗೆಯ ಮೇಲೆ ಜೇನುಗೂಡಿನಂತೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಹನ್ನೆರಡು ಅಂಕುಡೊಂಕು ತುಂಡುಗಳಾಗಿ ಕೊಯ್ದು, ಕೂರಿಸಲು ಆರು ಮೂಲೆಯ ತಟ್ಟೆಯೊಂದನ್ನೂ ಮಾಡಿಕೊಟ್ಟರು. ನಾನು ನನ್ನ ಪಾಲಿನ ಕಲೆಯನ್ನು ಸೇರಿಸೋಣವೆಂದು ಪ್ರತಿ ತುಂಡಿನ ಮೇಲ್ಮೈಗೆ ನೀಲಿ ಬಣ್ಣ ಬಳಿದೆ.

ಆರು ಮೂಲೆಯ ಆಕಾರದ ಮೇಲೆ ನನಗೆ ಮೊದಲಿನಿಂದಲೂ ಗೌರವ. ದುಂಡನೆಯವನ್ನು ಜೋಡಿಸಿದರೆ ನಡುವೆ ಸಂದು ಬಿಡುತ್ತದೆ. ಚೌಕ ಗುಮಾಸ್ತರ ಹಾಗೆ, ತಪ್ಪಿಲ್ಲ, ಸ್ವಾರಸ್ಯವೂ ಇಲ್ಲ. ಜೇನುಹುಳು ಕೈವಾರವಿಲ್ಲದೆ ಮಾಡುವ ಕೆಲಸವನ್ನು ನನ್ನ ಹತ್ತನೆಯ ತರಗತಿ ಕೈವಾರ ಹಿಡಿದೂ ಮಾಡುತ್ತಿರಲಿಲ್ಲ. ಒಂದೊಂದೇ ತುಂಡು ಟಪ್ಪೆಂದು ಜಾಗಕ್ಕೆ ಬಿದ್ದಾಗ ಎದೆಯೊಳಗೂ ಏನೋ ಒಂದು ಸರಿಯಾಗಿ ಕೂತಂತಾಗುತ್ತಿತ್ತು. ಹನ್ನೊಂದರವರೆಗೆ.

ಹನ್ನೆರಡನೆಯದು ಜೇನುಗೂಡಿನ ನಾಲ್ಕು ಕಣ ಸೇರಿದಂಥ ಸೊಟ್ಟ ತುಂಡು. ಉಳಿದ ಜಾಗವೂ ನಾಲ್ಕೇ ಕಣ. ಆದರೂ ಕೂರದು. ಶಿವಗಂಗೆ ಬೆಟ್ಟ ಒಂದೊಂದು ದಿಕ್ಕಿನಿಂದ ಒಂದೊಂದು ಥರ ಕಾಣುತ್ತದಲ್ಲ, ಹಾಗೆ ಅದನ್ನು ಆರು ದಿಕ್ಕಿಗೂ ತಿರುಗಿಸಿ ನೋಡಿದೆ. ಉಳಿದವನ್ನು ಕಿತ್ತು ಬೇರೆ ಬೇರೆ ರೀತಿ ಕೂರಿಸಿದೆ. "ಬಿ.ಪಿ. ಇಳಿಸೋಕೆ ಅಂತ ತಂದ್ರಲ್ಲ, ಚೆನ್ನಾಗಿ ಇಳೀತಿದೆ" ಎಂದು ಹೆಂಡತಿ ನನ್ನ ಮುಖ ನೋಡಿ ಹೇಳಿದಳು.

ಹದಿನೈದು ದಿನವಾದ ಮೇಲೆ ಗಣಿತದ ಮೇಷ್ಟ್ರು ಮಾಡಬಾರದ ಕೆಲಸ ಮಾಡಿದೆ. ಸಾಧಿಸದೆ ತೀರ್ಪು ಕೊಟ್ಟೆ. ಆಚಾರಿಯ ಅಂಗಡಿಯಲ್ಲಿ ನಾಲ್ಕು ಜನ ಮಗ್ಗದ ಯಜಮಾನರು ಕೂತಿದ್ದಾಗಲೇ "ನಿಮ್ಮ ಅಳತೆ ತಪ್ಪಿದೆ" ಎಂದುಬಿಟ್ಟೆ.

ಆಚಾರಿ ಗರಗಸ ಕೆಳಗಿಟ್ಟರು. "ಒಂದೇ ಹಲಗೆ ಕೊಯ್ದಿದ್ದು ಮೇಷ್ಟ್ರೇ, ಕೂರ್ದೆ ಎಲ್ಲೋಗ್ತದೆ? ಭಾನುವಾರ ಬರ್ತೀನಿ. ತಪ್ಪು ನಂದು ಅಂತಾದ್ರೆ ಅದನ್ನ ನಿಮ್ಮ ನೀರೊಲೆಗೇ ಹಾಕಿ, ಇನ್ಮೇಲೆ ಮಗ್ಗದ ಸಾಮಾನು ಮುಟ್ಟಲ್ಲ."

ಯಜಮಾನರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಟ ಅಲ್ಲಿಗೆ ಆಟವಾಗಿ ಉಳಿಯಲಿಲ್ಲ.

ಭಾನುವಾರ ಮಧ್ಯಾಹ್ನ ಆಚಾರಿ ಬಂದು ನಮ್ಮ ಜಗುಲಿಯಲ್ಲಿ ಕೂತರು. ಅರ್ಧ ಗಂಟೆ ತಿರುಗಿಸಿದರು. ಅವರಿಗೂ ಕೂರಲಿಲ್ಲ. ಹಣೆಯ ಬೆವರು ತಟ್ಟೆಯ ಮೇಲೆ ಬಿತ್ತು. ಗೆದ್ದವನು ನಾನೇ, ಆದರೆ ಅವರ ಮುಖ ನೋಡುವ ಧೈರ್ಯವಾಗಲಿಲ್ಲ.

ಅಷ್ಟರಲ್ಲಿ ಕರೆಂಟು ಹೋಗಿ ಬೀದಿಯ ಮಗ್ಗಗಳೆಲ್ಲ ಒಮ್ಮೆಗೇ ನಿಂತವು. ಪಕ್ಕದ ಮನೆಯಲ್ಲಿ ಸೀರೆ ನೇಯುವ ಲಕ್ಷ್ಮಕ್ಕ ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತ ಆಚೆ ಬಂದರು.

"ಏನಪ್ಪಾ ಇದು, ಇಬ್ರೂ ಸೂತಕದ ಮನೇಲಿ ಕೂತಂಗೆ ಕೂತಿದೀರಿ?"

ವಿಷಯ ಹೇಳಿದೆವು. ಆಕೆ ತುಂಡನ್ನು ಎತ್ತಿಕೊಂಡು, ಮಗುಚಿ, ಬಣ್ಣವಿಲ್ಲದ ಕಡೆ ಮೇಲೆ ಮಾಡಿ ಇಟ್ಟರು. ಟಪ್ಪೆಂದಿತು.

"ನಾವು ಮಗ್ಗದ ಮೇಲೆ ನೋಡೋದೇ ಸೀರೆ ಒಳಮೈನ. ಚೆಂದದ ಕಡೆ ಕೆಳಗಿರ್ತದೆ, ಕನ್ನಡಿ ಹಿಡಿದು ನೋಡ್ಕೋಬೇಕು" ಎಂದರು, ಹೊಟ್ಟೆ ಹಸಿದರೆ ಊಟ ಮಾಡಬೇಕು ಎನ್ನುವಷ್ಟು ಸಲೀಸಾಗಿ.

ಆಗ ನೆನಪಾಯಿತು. ಆಚಾರಿಯ ಪೆನ್ಸಿಲ್ ಗೆರೆ ಇದ್ದ ಕಡೆ ನೋಡಿ ಬಣ್ಣ ಬಳಿದವನು ನಾನು; ಆ ಒಂದು ತುಂಡಿನ ಗೆರೆ ಮಾಸಿತ್ತು, ಅಂದಾಜಿನಲ್ಲಿ ಹಿಂಬದಿಗೆ ಬಳಿದುಬಿಟ್ಟಿದ್ದೆ. ಬಣ್ಣ ಕಂಡದ್ದೇ ಮೇಲ್ಮೈ ಎಂದು ನಾನು ನಂಬಿದ್ದು ಹೋಗಲಿ, ಕೊಯ್ದ ಆಚಾರಿಯನ್ನೂ ನಂಬಿಸಿದ್ದೆ. ಶಿವಗಂಗೆಯನ್ನು ಎಲ್ಲ ದಿಕ್ಕಿನಿಂದ ನೋಡಿದವರಿದ್ದಾರೆ. ಮಗುಚಿ ನೋಡುವಂಥ ಬುದ್ಧಿ ಇದ್ದದ್ದು ನಮ್ಮ ಬೀದಿಯಲ್ಲಿ ಲಕ್ಷ್ಮಕ್ಕ ಒಬ್ಬರಿಗೇ.

ಸೋಮವಾರ ಆಚಾರಿಯ ಅಂಗಡಿಗೆ ಹೋಗಿ, ಅದೇ ಯಜಮಾನರ ಎದುರಿಗೆ ತಪ್ಪು ನನ್ನದೆಂದು ಹೇಳಿದೆ. "ಆ ತುಂಡಿನ ಇನ್ನೊಂದು ಕಡೆಗೂ ಬಣ್ಣ ಬಳೀಲಾ ಆಚಾರ್ರೇ?" ಎಂದು ಕೇಳಿದೆ.

"ದಯವಿಟ್ಟು ಬ್ರಷ್ ಮುಟ್ಬೇಡಿ ಮೇಷ್ಟ್ರೇ" ಎಂದರು.

ಆ ತಟ್ಟೆ ಈಗಲೂ ನನ್ನ ಮೇಜಿನ ಮೇಲಿದೆ. ಹನ್ನೊಂದು ತುಂಡು ನೀಲಿ, ಒಂದು ಹಲಸಿನ ಬಣ್ಣ.